ಹನ್ನೊಂದು ಸೆಕೆಂಡು

ಬ್ಯಾಡಗಿಯೊಳಗ ರೇಡಿಯೊ ಮಾಡೋದಂದ್ರ
ಮೊದಲು ಸೀನು ತಡಿಯೋದು ಕಲೀಬೇಕು.

ಗೋಡಿ ಗದ್ದಲ ಹೀರಲಿ ಅಂತ ನಾವು
ಕೆಳಗಿನ ದಲಾಲಿ ಅಂಗಡಿಯ ಖಾಲಿ ಚೀಲ ತಂದು
ನಾಲ್ಕೂ ಕಡೆ ಮೊಳಿ ಹೊಡದಿದ್ವಿ, ಭಾರಿ ಹುರುಪಿನಿಂದ.
ಮೊದಲ ದಿನ ಬಂದ ಸೋಬಾನದ ಮುದುಕೇರು
ಎರಡನೇ ನುಡಿಗೇ ಕಣ್ಣೊರಸಿಕೊಂಡ್ರು.
ಹಾಡಿನ ಸುಖ ಅಂದುಕೊಂಡೆ.
ಮೆಣಸಿನಕಾಯಿ ಘಾಟು ಅದು.

ಆಮ್ಯಾಲ ಚೀಲ ಕಿತ್ತು ಕೌದಿ ಕಟ್ಟಿದ್ವಿ.
ಬೀಬಿಜಾನಳ ಅವ್ವಂದೊಂದು, ನಮ್ಮ ಅತ್ತಿದೊಂದು,
ಯಾರದೋ ಬಾಣಂತನದ್ದು, ಹಾಲಿನ ಕಲಿ ಇನ್ನೂ ಹೋಗಿಲ್ಲ.
ಕೌದಿಗೆ ಸದ್ದು ಹೀರೋದು ಹೊಸದಲ್ಲ ಬಿಡ್ರಿ,
ಮುಸುಕಿನ ಒಳಗಿಂದ ಎಷ್ಟು ಕುಡದಾವೋ.

ರೊಕ್ಕ ಯಾರಿಗೂ ಇಲ್ಲ.
ನಾನು ಸೋಮವಾರ, ಗುರುವಾರ ಪ್ಯಾಟ್ಯಾಗ ತೂಕದ ಚೀಟಿ ಬರಿಯಾಕಿ.
ಬೀಬಿಜಾನ್ ಜಂಪರ್ ಹೊಲಿಯಾಕಿ.
ಪತ್ತಾರ ಮೌನೇಶ, ಮೂಗುತಿಗೆ ಹರಳು ಕೂಡ್ರಿಸೋ ಕೈಲೇ
ಹಾಡಿನೊಳಗಿನ ಕೆಮ್ಮು ಕೀಳಾಂವ.
ಐತವಾರ ಸಂಜಿ ಆರಕ್ಕ, ಒಂದು ತಾಸು.
ಮೊಬೈಲಿನ ಮೂಲ್ಯಾಗ ಕೇಳುಗರ ಲೆಕ್ಕ: ಏಳು.
ಏಳರಾಗ ಮೂರು ನಾವ.

ಹಂತಿ ಪದಕ್ಕ ಅಂತ ಗುದ್ಲೆಪ್ಪಜ್ಜನ್ನ
ಮೋಟೆಬೆನ್ನೂರಿಂದ ಗಾಡಿ ಮ್ಯಾಲ ಕರಕೊಂಡು ಬಂದ್ವಿ.
"ಇದು ಎಲ್ಲಿ ಕೇಳತೈತಿ?" ಅಂದ.
"ಎಲ್ಲಾ ಕಡೆ, ಅಜ್ಜಾ."
"ನಮ್ಮ ಓಣ್ಯಾಗ?"
"ನೆಟ್‌ವರ್ಕ್ ಇದ್ರ."
"ಹಂಗಾರ ನಮ್ಮ ಓಣಿ ಬಿಟ್ಟು ಎಲ್ಲಾ ಕಡೆ" ಅಂತ
ತಾನ ಲೆಕ್ಕ ಮುಗಿಸಿ ಕುರ್ಚಿ ಮ್ಯಾಲ ಕುಂತ.
ಬಾಯಿ ತಗದ. ಮುಚ್ಚಿದ. ಟೊಪ್ಪಿಗಿ ತಗದು ತಲಿ ಕೆರಕೊಂಡ.
"ಕುಂತ್ರ ಬರಂಗಿಲ್ಲವ್ವಾ. ಪದ ಕಾಲಾಗ ಐತಿ."

ಕಣ ಎಲ್ಲಿಂದ ತರೋಣು?
ಹುರಳಿ, ನವಣಿ ಎಲ್ಲಾ ಈಗ ಡಾಂಬರಿನ ಮ್ಯಾಲ ಹಾಸ್ತಾರ,
ಲಾರಿ ತುಳದು ಹೊಕ್ಕಾವು.
ಲಾರಿಗೆ ಯಾರು ಪದ ಹಾಡ್ತಾರ?

ಖೋಲಿ ನಟ್ಟನಡುವ ಒಂದು ಸಾಗವಾನಿ ಕಂಬ,
ದಿನಾ ಹಣಿ ಬಡಿಸಿಕೊಂಡು ನಾವು ಬೈಯೋದು.
ಅಜ್ಜ ಎದ್ದ. ಅದಕ್ಕ ಅಂಗೈ ಇಟ್ಟ.
"ಮೇಟಿ ಇಲ್ಲೇ ಐತೆಲ್ಲ" ಅಂದ,
ನಾವ ಬಚ್ಚಿಟ್ಟಿದ್ವಿ ಅನ್ನೋ ಹಂಗ.

ತಿರಗಾಕ ಹತ್ತಿದ. ಪದ ಬಂತು.
ಮೈಕು ಹಿಡಕೊಂಡು ಹಿಂದ ಹಿಂದ ಮೌನೇಶ.
ಒಂದು ಸುತ್ತು, ನಾಲ್ಕು ಸುತ್ತು,
ವಾಯರು ಕಂಬಕ್ಕ ಸುತ್ತಿ ಸುತ್ತಿ ಗಿಡ್ಡಾಗಿ
ಒಳಮಗ್ಗಲಿನ ಎತ್ತಿನಂಗ ಸರಕೋತ ಸರಕೋತ
ಕಡೀಕ ಕಂಬಕ್ಕ ಗಲ್ಲ ಹಚ್ಚಿ ನಿಂತ ಹುಡುಗ.
ಅಜ್ಜ ಧಾಟಿ ಬಿಡಲಿಲ್ಲ. ಅವನ ಬೆನ್ನು ತಟ್ಟಿ
"ಹೊಳ್ಳು" ಅಂದ.
ಉಳಿದರ್ಧ ಪದ ವಾಯರು ಬಿಚ್ಚಿಕೋತ ಬಂತು.

ಅದರ ನಡುವ ಒಮ್ಮಿ ಫಕ್ಕನ ನಿಂತ.
ಸಾಲು ಅರ್ಧಕ್ಕ.
ಬಗ್ಗಿ, ಬೊಗಸಿ ಒಡ್ಡಿ,
ಏನೂ ಇಲ್ಲದಲ್ಲಿ ಏನೋ ಹಿಡದು,
ನಾಕು ಹೆಜ್ಜಿ ಹೋಗಿ ಬಾಗಲ ಹೊರಗ ಚೆಲ್ಲಿ,
ಧೋತರಕ್ಕ ಕೈ ಒರಸಿ,
ಬಿಟ್ಟ ಅಕ್ಷರದಿಂದಲೇ ಮತ್ತ ಎತ್ತಿದ.

ಚಾ ಕುಡಿಯೋವಾಗ ಬೀಬಿಜಾನ್ ಕೇಳಿದ್ಲು, ಅದೇನಜ್ಜಾ?
"ಎತ್ತು ಸೆಗಣಿ ಹಾಕಿತು" ಅಂದ.
"ಕಾಳಾಗ ಬಿದ್ರ ಹೆಂಗ?"

ರಾತ್ರಿ ಮೌನೇಶ ಕತ್ತರಿಸಾಕ ಕುಂತ.
ಪರದಿ ಮ್ಯಾಲ ಪದ ಗುಡ್ಡದ ಸಾಲಿನಂಗ,
ನಡುವ ಒಂದು ಬಯಲು.
ಕಂಪ್ಯೂಟರ್ ಕೇಳತು:
ನಿಶ್ಶಬ್ದ, ಹನ್ನೊಂದು ಸೆಕೆಂಡು. ತೆಗೆಯಲೇ?
ಮಿಷಿನ್ ಎಣ್ಣಿ ಹತ್ತಿದ ಬೆರಳು ಎತ್ತಿ ಬೀಬಿಜಾನ್,
"ಬ್ಯಾಡ. ತಗದ್ರ ಕಾಳಾಗ ಬೀಳತೈತಿ."

ಐತವಾರ ಹೋತು ಪದ, ನನ್ನದೊಂದು ಸೀನಿನ ಸಮೇತ.
ಒಂಬತ್ತು ಮಂದಿ ಇದ್ರು.
ಬಯಲು ಬಂತು. ಒಂದು ಮೆಸೇಜೂ ಬಂತು:
"ರೇಡಿಯೊ ಬಂದ್ ಆತೇನ್ರಿ?"
ಬೀಬಿಜಾನ್ ಒಂದೊಂದ ಅಕ್ಷರ ಹುಡುಕಿ ಒತ್ತಿದ್ಲು:
"ಇಲ್ಲರಿ. ಎತ್ತು ನಿಂತೈತಿ. ತಡೀರಿ."
ಅದು ಮುಟ್ಟೋದ್ರಾಗ ಅಜ್ಜ ಹೊಳ್ಳಿ ಹಾಡಾಕತ್ತಿದ್ದ.

ಮೂಲ್ಯಾಗ ಒಂಬತ್ತು ಎಂಟಾತು.
ಸ್ವಲ್ಪ ಹೊತ್ತಿಗೆ ಮತ್ತ ಒಂಬತ್ತು.
ಯಾರೋ ಹೊರಗ ಹೋಗಿ
ಚೆಲ್ಲಿ ಬಂದಿರಬೇಕು.