ರಕ್ಕಸನ ತೂಕ

ಹಗಲಿಡೀ ನನ್ನದು ತೂಕದ ಕೆಲಸ. ಸೊಹಾರ್ ಬಂದರಿನಲ್ಲಿ
ಕಪ್ಪುಕಲ್ಲು ಹೊತ್ತ ಲಾರಿಗಳು ಹತ್ತಿಳಿಯುವ ತಕ್ಕಡಿಗೆ
ಮೂರು ತಿಂಗಳಿಗೊಮ್ಮೆ ಸುಳ್ಳು ಬಿಡಿಸುತ್ತೇನೆ.
ಇಪ್ಪತ್ತು ಕಿಲೋ ಆಚೀಚೆ ಆದರೆ ಮೊಹರು ಒಡೆದು
ಮತ್ತೆ ಸೊನ್ನೆಗೆ ತರುವುದು. ಬರುವುದು ಅಷ್ಟೇ ನನಗೆ.

ಗುರುವಾರ ರಾತ್ರಿ ಮಾತ್ರ ಲಾಂಡ್ರಿಯ ಮೇಲಿನ ಕೋಣೆಯಲ್ಲಿ,
ಇಸ್ತ್ರಿಯ ಆವಿ ನೆಲದಿಂದ ಏಳುತ್ತಿರುವಾಗ,
ರಾಜ್ಯ ಕಟ್ಟುತ್ತೇನೆ, ಸೇತುವೆ ಮುರಿಯುತ್ತೇನೆ
ಇಪ್ಪತ್ತು ಮುಖದ ದಾಳ ಹೇಳಿದ ಹಾಗೆ.
ನರ್ಸು ಜೋಯ್ಲಿನ್ ಕ್ರಾಸ್ತಾ ಅಲ್ಲಿ ಬಿಲ್ಲುಗಾತಿ.
ಭಟ್ಕಳದ ಮುಝಮ್ಮಿಲ್, ಟಯರ್ ಅಂಗಡಿಯ ಲೆಕ್ಕ ಬರೆದ ಕೈಯಲ್ಲೇ
ಬೆಂಕಿಯುಂಡೆ ಎಸೆಯುತ್ತಾನೆ.

ಆ ವಾರ ಧರ್ಣಪ್ಪ ಮೂಲ್ಯರು ಬಂದರು.
ಟ್ರೈಲರ್ ಓಡಿಸುವವರು, ಐವತ್ತು ದಾಟಿದ ಕಡ್ಡಿಮೈ.
ರೂಮಿನ ಎಸಿ ಕೆಟ್ಟಿದೆ, ಸ್ವಲ್ಪ ಹೊತ್ತು ಕೂರ್ತೇನೆ ಎಂದರು.
ನೀವೂ ಯಾರಾದರೂ ಆಗಿ ಎಂದೆ. ಪುಟ ಮಗುಚಿದರು.
ಕುಬ್ಜರು, ಕಿನ್ನರರು, ಕತ್ತಿವೀರರು ಎಲ್ಲ ದಾಟಿ
ಕೊಲ್ಲಬೇಕಾದವರ ಪುಟದಲ್ಲಿ ಬೆರಳು ನಿಂತಿತು.
“ಇವ ಆಗಬಹುದಾ?”

ಒಂಬತ್ತಡಿ. ಕೋರೆಹಲ್ಲು. ನಾಲ್ಕು ತೋಳು.

ಆಗಬಹುದು, ಆದರೆ ಸಮ ಮಾಡಬೇಕು ಎಂದೆ.
ನನ್ನ ಹೊಟ್ಟೆಪಾಡಿನ ಮಾತು ಅದು.
ಬಲ ನಾಲ್ಕು ಹೆಚ್ಚು, ಹಾಗಾದರೆ ಮಾತು ಎರಡು ಕಡಿಮೆ.
“ಎರಡು ತೋಳು ತೆಗಿ,” ಮುಝಮ್ಮಿಲ್.
“ಬಿಸಿಲಲ್ಲಿ ಅರ್ಧ ಬಲ,” ಜೋಯ್ಲಿನ್, “ಮೂರಾಳಿನ ಊಟ ಬೇಕು,
ಸಿಗದ ದಿನ ಜೀವದಲ್ಲಿ ಆರು ಕಳೆ.”
ಬಾಗಿಲುಗಳೆಲ್ಲ ಅವನಿಗೆ ಗಿಡ್ಡ ಎಂದು ಬರೆದುಕೊಂಡೆ.
ಕೊನೆಗೆ ಪೆನ್ಸಿಲು ಕಚ್ಚುತ್ತ ನನಗೇ ಹೊಳೆದದ್ದು:
ಕೋಟೆಯೊಳಗೆ ಕಾಲಿಡಲು
ಒಬ್ಬ ಮನುಷ್ಯನ ಓಲೆ ಬೇಕು, ಇವ ನನ್ನವ ಎಂದು.

ಯಾರೂ ದಾಳ ಮುಟ್ಟಲಿಲ್ಲ. ಕೆಳಗೆ ಇಸ್ತ್ರಿ ಒಮ್ಮೆ ಉಸ್ಸೆಂದಿತು.
ಧರ್ಣಪ್ಪಣ್ಣ ಮಾತ್ರ ನಕ್ಕರು:
“ಅದೆಂತ ಮೈನಸ್ಸು ಮಾರಾಯ್ರೆ, ಇಪ್ಪತ್ತೆರಡು ವರ್ಷದಿಂದ
ಕಿಸೆಯಲ್ಲೇ ಉಂಟು ಅದು. ಬೇರೆ ಎಂತಾದರೂ ಕಳೆಯಿರಿ.”

ಬೇರೆ ಉಳಿದಿರಲಿಲ್ಲ. ಹಾಳೆಯ ಮೇಲೆ
ಕೋರೆಹಲ್ಲಿನ ಗುಮಾಸ್ತನೊಬ್ಬ ಕೂತಿದ್ದ,
ಹಸಿದು, ತಲೆ ತಗ್ಗಿಸಿ, ಬಿಸಿಲಿಗೆ ಹೆದರಿ.
ರಬ್ಬರು ತಿಕ್ಕಿದೆ. ಕಾಗದ ತೂತಾಯಿತು.
ಲಾರಿ ಹೆಚ್ಚು ತೂಗಿತೆಂದು ಕಲ್ಲು ಕೆತ್ತುವವರುಂಟೇ?
ಬಂದರಿನಲ್ಲಿ ದಿನಾ ಗೊತ್ತಿರುವುದು
ಮೆಟ್ಟಿಲು ಹತ್ತಿ ಈ ಕೋಣೆಗೆ ಬಂದಿರಲಿಲ್ಲ.
ನಾಲ್ಕು ತೋಳೂ ಇರಲಿ ಎಂದೆ.
ನಾಳೆ ಹತ್ತಬೇಕಾದ ಬೆಟ್ಟವನ್ನು ತುಸು ಎತ್ತರಿಸಿದೆ.
ಓಲೆಯ ನಿಯಮ ಅಳಿಸಲು ಮರೆತೆ.

ಕೋಟೆ ಬಂತು. ಉಳಿದಿಬ್ಬರೂ ಒಳಗೆ ಹೋಗಿ
ಹೆಂಡದಂಗಡಿಯಲ್ಲಿ ಜಗಳ ತೆಗೆದರು.
“ನಾನು ಇಲ್ಲೇ ಕೂತಿರ್ತೇನೆ,” ಧರ್ಣಪ್ಪಣ್ಣ ಎಂದರು,
“ಗೇಟಿನ ಹತ್ತಿರ ನೆರಳುಂಟಾ?”
ಉಂಟು ಎಂದೆ, ಆಗಷ್ಟೇ ಒಂದು ಗಾಫ್ ಮರ ನೆಟ್ಟು.
ಪಾಪ, ಏನಾದರೂ ಕೆಲಸವಿರಲಿ ಎಂದು
ಕಾವಲುಗಾರನ ಬಾವಿಗೆ ಚಪ್ಪಡಿ ಬೀಳಿಸಿದೆ.
“ಎತ್ತಿದೆ.”
“ದಾಳ ಹಾಕಬೇಕು.”
“ಎಂತಕ್ಕೆ? ಎತ್ತುವುದಲ್ವಾ?”
ಹಾಕಿಸಿದೆ. ಮೇಜಿನ ಅಂಚಿನವರೆಗೆ ಉರುಳಿ ನಿಂತಿತು: ಒಂದು.
ಅದಕ್ಕಿಂತ ಕೆಳಗೆ ಲೆಕ್ಕವಿಲ್ಲ.
“ಒಂದು ಅಂದರೆ ಒಳ್ಳೆಯದಾ?” ಎಂದು ಕೇಳಿದರು.
ಜೋಯ್ಲಿನ್ ನನ್ನನ್ನೇ ನೋಡಿದಳು.

ಶನಿವಾರ ಲೋಟದ ನೀರಿಗೆ ಉಪ್ಪು ಸುರಿದು ಸುರಿದು
ದಾಳ ತೇಲಿಬಿಟ್ಟೆ. ಒಂದು ಮಗ್ಗುಲು ಭಾರವಿದ್ದರೆ
ಒಂದೇ ಮುಖ ಮೇಲೆ ಬರಬೇಕು.
ನಲವತ್ತು ಸಲ ತಿರುಗಿಸಿದೆ. ಹದಿನಾಲ್ಕು, ಮೂರು,
ಒಂಬತ್ತು, ಇಪ್ಪತ್ತು, ಎಲ್ಲ ಬಂದವು.
ದಾಳದಲ್ಲಿ ದೋಷವಿಲ್ಲ.
ಗುರುವಾರದ ಹಾಳೆಯಲ್ಲಿ ನನ್ನದೇ ಅಕ್ಷರ:
ಚಪ್ಪಡಿ ಎದ್ದಿತು. ಬಾವಿಯಲ್ಲಿ ನೀರಿತ್ತು.