ಎಂಟಿಂಚೋ ಹತ್ತಿಂಚೋ

ಯಾರಿಗಮ್ಮಾ, ಮಗನಿಗಾ? ಎಂದ ಅಂಗಡಿಯ ಶಫೀಕ್.
ನನಗೆ, ಎಂದೆ.
ಕುಶಾಲನಗರ, ಬಸ್‌ಸ್ಟ್ಯಾಂಡಿನೆದುರು.
ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಹಿಂದೆ
ಎರಡು ಕರಿ ಸಬ್‌ವೂಫರು ಕಣ್ಣು ಬಿಟ್ಟುಕೊಂಡು ಕೂತಿದ್ದವು.
ಒಂದರದು ಎಂಟಿಂಚಿನ ಕಣ್ಣು, ಇನ್ನೊಂದರದು ಹತ್ತಿಂಚು,
ಅದಕ್ಕೆ ಬೆನ್ನಲ್ಲೊಂದು ತೂತು ಬೇರೆ.

ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತೊಂದು ವರ್ಷ
ಹಲ್ಲರ್ ಮೆಷಿನ್ನಿನ ಪಕ್ಕ ನಿಂತವಳು ನಾನು.
ಚೆರ್ರಿಯ ಒಣಸಿಪ್ಪೆ ಹಾರುವಾಗ
ಕಿವಿಯಿಂದಲೂ ಏನೋ ಹಾರಿಹೋಗುತ್ತಿತ್ತು
ಎಂದು ತಿಳಿದದ್ದು ಮೊನ್ನೆ, ಮಡಿಕೇರಿಯಲ್ಲಿ,
ಗಾಜಿನ ಗೂಡಿನೊಳಗೆ ಕೂರಿಸಿ ಗುಂಡಿ ಒತ್ತಿಸಿದಾಗ.
ಡಾಕ್ಟರು ಕೊಟ್ಟ ಹಾಳೆಯ ಗೆರೆ
ಬಸ್ಸಿನಲ್ಲಿ ವಾಪಸು ಬಂದ ರಸ್ತೆಯ ಹಾಗೇ ಇತ್ತು:
ಬೋಯಿಕೇರಿಯವರೆಗೆ ಪರವಾಗಿಲ್ಲ,
ಸುಂಟಿಕೊಪ್ಪದಲ್ಲಿ ತಗ್ಗಿತು,
ಆನೆಕಾಡಿನಿಂದಾಚೆ ಬರೀ ಇಳಿಜಾರು.
ಕುಕ್ಕರಿನ ಸೀಟಿ, ಮೊಮ್ಮಗಳ ಕಾಲ್ಗೆಜ್ಜೆ,
ಊರಿನವರೆಲ್ಲರ ಸಕಾರ ಶಕಾರ
ಅಲ್ಲಿ ಉರುಳಿಹೋಗಿವೆ.
ಗಂಡ ಸುಬ್ಬಯ್ಯ ತನ್ನ ಹೆಸರು ತಾನೇ ಹೇಳಿದರೂ
ಉಬ್ಬಯ್ಯ ಎಂದೇ ಕೇಳುತ್ತದೆ.
ಕೆಳಗಿನ ಸದ್ದು ಮಾತ್ರ ಗಟ್ಟಿ ಇದೆ, ಎಂದರು ಡಾಕ್ಟರು.
ಸರಿ, ಇದ್ದದ್ದಕ್ಕಾದರೂ ಊಟ ಹಾಕೋಣ.

ಶಫೀಕ್ ಮೊದಲು ಹಾಕಿದ್ದು ಬಾಂಬು.
ಯಾವುದೋ ಸಿನಿಮಾದ ಸೇತುವೆ ಮುರಿದುಬಿದ್ದು
ಶೋಕೇಸಿನ ಟಾರ್ಚುಗಳೆಲ್ಲ ನಡುಗಿದವು.
ಎದೆಗೇ ಬಡಿಯುತ್ತೆ ನೋಡಿ! ಎಂದು ಅರಳಿದ.
ನಮ್ಮ ಮನೆಯಲ್ಲಿ ಸೇತುವೆ ಇಲ್ಲಪ್ಪ, ಎಂದೆ.
ಸೆರಗಿನ ಗಂಟಿನಿಂದ ಪೆನ್‌ಡ್ರೈವ್ ಬಿಚ್ಚಿ ಕೊಟ್ಟೆ.

ತೂತಿನ ಪೆಟ್ಟಿಗೆ ಜೋರು. ಆದರೆ
ಹಾಡು ನಿಂತರೂ ತಾನು ನಿಲ್ಲದು,
ಪಂಕ್ತಿ ಎದ್ದ ಮೇಲೂ ಪಾಯಸ ನೆಕ್ಕುತ್ತ ಕೂತ ನೆಂಟ.
ಎಂಟಿಂಚಿನದು, ಎಲ್ಲ ಕಡೆ ಮುಚ್ಚಿದ್ದು,
ಬೇಕಾದಷ್ಟು ಹೇಳಿ ಬಾಯಿ ಮುಚ್ಚಿತು.
ಫೋರ್‌ಮನ್ ಪೊನ್ನಪ್ಪ ಹಾಗಿದ್ದರು.
ಹತ್ತಿಂಚಿಗೆ ಎರಡು ಸಾವಿರ ಇಳಿಸಿದ ಶಫೀಕ್,
ಆಮೇಲೆ ಇನ್ನೂ ಐನೂರು.
ಎರಡರ ನೆತ್ತಿಯ ಮೇಲೂ ಅಂಗೈ ಇಟ್ಟು ನೋಡಿದೆ,
ಬೇರಿಂಗು ಸವೆದಿದೆಯೇ ಎಂದು ನೋಡುತ್ತಿದ್ದ ಹಾಗೆ.
ಎಂಟು ಸಾಕು.

ಮನೆಯಲ್ಲಿ ಎಲ್ಲಿಡಲಿ ಎಂದರೆ
ಅವನು ಹೇಳಿದ ಉಪಾಯ ನಾಲ್ಕು ಜನರ ಮುಂದೆ ಮಾಡುವಂಥದ್ದಲ್ಲ:
ನೀವು ಕೂರುವ ಕುರ್ಚಿಯಲ್ಲಿ ಪೆಟ್ಟಿಗೆ ಕೂರಲಿ,
ನೀವು ನೆಲದ ಮೇಲೆ ಅಂಬೆಗಾಲಿಡಿ.
ಚೆನ್ನಾಗಿ ಕೇಳುವ ಕಡೆಯೇ ಅದರ ಜಾಗ.

ಅರವತ್ತೊಂದರ ಮಂಡಿ, ಕೆಂಪು ಗಾರೆಯ ನೆಲ.
ಟೀವಿಯ ಮೂಲೆಯಲ್ಲಿ ಸದ್ದು ಬಾತುಕೊಂಡಿತ್ತು.
ಕೋಣೆಯ ನಡುವೆ ಇಲ್ಲವೇ ಇಲ್ಲ,
ಯಾರೋ ಗುಡಿಸಿ ಎತ್ತಿಟ್ಟ ಹಾಗೆ.
ಸುಬ್ಬಯ್ಯ ಬಾಗಿಲಲ್ಲಿ ನಿಂತು ಏನೋ ಕೇಳಿದ.
ಓಲೆ ಬಿತ್ತಾ ಎಂದಿರಬೇಕು,
ತಾನೂ ಮಂಡಿಯೂರಿ ಹುಡುಕತೊಡಗಿದ.
ಸೋಫಾದಡಿ ಕೈಹಾಕಿ
ಒಂದು ಅಂಗಿಗುಂಡಿ, ಕೋವಿಯ ಖಾಲಿ ತೋಟೆ,
ನಾಲ್ಕು ಕಾಳುಮೆಣಸು ತೆಗೆದ.

ಹೊಲಿಗೆ ಮೆಷಿನ್ನಿನ ಪಕ್ಕ, ಗೋಡೆಯಿಂದ ಒಂದು ಮೊಳ ಈಚೆ
ಅದು ಸಿಕ್ಕಿತು.
ಮದುವೆಗೂ ಮೊದಲಿಂದ ಕೇಳಿದ ಹಾಡು.
ಹಾಡುವವಳನ್ನು ಬಲ್ಲೆ,
ಪಿಟೀಲುಗಳನ್ನು ಬಲ್ಲೆ, ಈಗ ನೆನಪಿನಿಂದ ಮಾತ್ರ.
ಅವರೆಲ್ಲರ ಹಿಂದೆ
ಆಳೆತ್ತರದ ತಂತಿವಾದ್ಯ ತಬ್ಬಿಕೊಂಡು
ಒಬ್ಬ ನಿಂತಿದ್ದ.
ಇಷ್ಟು ವರ್ಷವೂ ನಿಂತೇ ಇದ್ದ.
ಕ್ಯಾಸೆಟ್ಟಿನ ಹೊದಿಕೆಯಲ್ಲಿ ಅವನ ಹೆಸರು ಕಂಡ ನೆನಪಿಲ್ಲ.
ಪಲ್ಲವಿ ಎರಡನೇ ಸಲ ಬರುವಾಗ
ಒಂದು ಹೆಜ್ಜೆ ಬೇಗ ಇಟ್ಟುಬಿಟ್ಟ,
ತಡೆದ, ಸರಿಮಾಡಿಕೊಂಡ.

ನಾನು ಮೇಲೇಳಲಿಲ್ಲ.
ಸುಬ್ಬಯ್ಯನ ಕೈ ಎಳೆದು ನೆಲಕ್ಕೆ ಒತ್ತಿ ಹಿಡಿದೆ:
ಇಲ್ಲಿ. ಇಲ್ಲಿದ್ದಾನೆ.

ಯಾರು? ಎಂದ.
ಅದೊಂದು ಸ್ಪಷ್ಟವಾಗಿ ಕೇಳಿತು.