ಶಿಲ್ಕು

ಐತವಾರ ಬೆಳಿಗ್ಗೆ ಆರೂವರೆ.
ಗೋಳಗುಮ್ಮಟ ನೋಡಲು ಬಂದವರ್‍ಯಾರೂ ಹಾಯದ ಓಣಿಯಲ್ಲಿ
ಹಳೆಯ ಬಾವಡಿಯ ಬಾಯಿಗೆ ನಾವು ಹದಿನೇಳು ಮಂದಿ:
ಹಲ್ಲಿನ ಡಾಕ್ಟರು ಜುಲೇಖಾ ಇನಾಮದಾರ,
ನೋಟರಿ ವಕೀಲ ಸಿದ್ಧಗೊಂಡ ಹೊರ್ತಿ,
ಮನೆಯ ನಕಾಶೆ ಬರೆಯುವ ಪದ್ಮಿನಿ ಹಂಜಿ,
ಔಷಧಿ ಅಂಗಡಿಯ ಅಣ್ಣತಮ್ಮಂದಿರು,
ಇನ್ನೂ ಕೆಲವರು,
ಮತ್ತು ನಾನು, ಲೆಕ್ಕ ಪರಿಶೋಧಕ,
ಹೊಸ ಗಮ್‌ಬೂಟಿನ ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ.

ಫೋಟೋ ಮೊದಲು ಆಯಿತು.
‘ಜಲವೇ ಜೀವ’ ಎಂಬ ಎಂಟಡಿ ಪ್ಲಾಸ್ಟಿಕ್ ಬ್ಯಾನರು,
ಪ್ರಾಯೋಜಕರ ಹೆಸರು ಜೀವಕ್ಕಿಂತ ದಪ್ಪ ಅಕ್ಷರದಲ್ಲಿ.
ಕಟ್ಟೆಯ ಮೇಲೆ ಕೂತು ಎಲೆ ಮೆಲ್ಲುತ್ತಿದ್ದಳು ತಿಪ್ಪವ್ವ,
ಮೂವತ್ತು ವರ್ಷ ಇದೇ ಓಣಿ ಗುಡಿಸಿ
ಯಾವ ಫೋಟೋದಲ್ಲೂ ಬೀಳದವಳು.
‘ಮುಗದಿದ್ರ ಕೆಳಗ ಇಳೀರಿ ಸರ್ರ,
ಬಿಸಲೇರಿದ್ರ ನಾತ ನಿಲ್ಲಗೊಡೂದಿಲ್ಲ.’

ಇಳಿದೆವು.
ಮೊದಲ ಹತ್ತು ಮೆಟ್ಟಿಲು ಮಾತು,
ಆಮೇಲಿನ ಹತ್ತು ಕೆಮ್ಮು,
ಇಪ್ಪತ್ತೊಂದನೆಯದು ಮೆಟ್ಟಿಲೇ ಅಲ್ಲ, ಹೂಳು.

ಕಸಕ್ಕೆ ಹಾಕಲು ಮನಸ್ಸಾಗದ್ದೆಲ್ಲ ಇಲ್ಲಿತ್ತು.
ಒಣಗಿದ ಹಾರ, ಸೊಂಡಿಲು ಮುರಿದ ಗಣಪ,
ಗಾಜೊಡೆದ ಪಟ, ಯಾರದೋ ಲಗ್ನಪತ್ರಿಕೆ
(ಅದರ ಮೂಲೆಯಲ್ಲೂ ಒಬ್ಬ ದೇವರು ಇರುತ್ತಾನಲ್ಲ).

ಜುಲೇಖಾ ಗೋಡೆಯ ಕಲ್ಲಿಗೆ ಉಳಿ ಹಚ್ಚಿ
ಪಾಚಿ ಕೆರೆಯುತ್ತಿದ್ದರು, ರೋಗಿಗೆ ಹೇಳುವ ದನಿಯಲ್ಲೇ:
‘ಸ್ವಲ್ಪ ಜುಮ್ಮನ್ನುತ್ತದೆ, ತಡಕೊಳ್ಳಿ.’
ಕಲ್ಲು ತಡಕೊಂಡಿತು. ಅದಕ್ಕೇನು ಹೊಸತೇ.

ಸಿದ್ಧಗೊಂಡ ಬುಟ್ಟಿ ಹೊತ್ತರೂ ವಾದ ಬಿಡಲಿಲ್ಲ:
‘ಬಾವಡಿ ಪಾಲಿಕೆಯದೋ, ಪುರಾತತ್ವದವರದೋ?
ನಾಳೆ ನಮ್ಮ ಮೇಲೇ ಕೇಸು ಬಿದ್ದರೆ?’
ಮೇಲಿನಿಂದ ತಿಪ್ಪವ್ವ:
‘ಹೊಲಸು ಯಾರದೈತಿ, ಅದನ್ನ ಮೊದಲ ಹೇಳ್ರಿ ವಕೀಲ್ರ.’

ಹತ್ತಕ್ಕೆ ಬುಟ್ಟಿಗಳ ತಳ ಕಿತ್ತವು.
ಯಾರನ್ನೂ ಕೇಳದೆ ಪದ್ಮಿನಿ ಬ್ಯಾನರಿನ ಹಗ್ಗ ಬಿಚ್ಚಿದರು.
ನಾಲ್ಕು ಮೂಲೆ ನಾಲ್ವರು ಹಿಡಿದು ಹೂಳು ಹೊತ್ತೆವು.
ಮೊದಲ ಖೇಪಿಗೆ ಪ್ರಾಯೋಜಕರು ಮುಳುಗಿದರು,
ಮೂರನೆಯದಕ್ಕೆ ಜಲ.
ಜೀವ ಮಾತ್ರ ಮಧ್ಯಾಹ್ನದ ತನಕ ಕಾಣುತ್ತಿತ್ತು, ಅರ್ಧ.

ಆಗ ನನ್ನ ಸಲಿಕೆಗೆ ಸಿಕ್ಕಿತು
ಒಂದು ಕ್ಯಾಲೆಂಡರು.
ತಿಂಗಳುಗಳೆಲ್ಲ ಕರಗಿ ಹೋಗಿ
ಲ್ಯಾಮಿನೇಶನ್ನಿನ ಲಕ್ಷ್ಮಿಯೊಬ್ಬಳೇ ನಗುತ್ತಿದ್ದಳು.
ಕೆಳಗೆ ನನ್ನ ಹೆಸರು, ಡಿಗ್ರಿ,
ಆಫೀಸಿನ ಹಳೆಯ ಫೋನ್ ನಂಬರು, ಶುಭಾಶಯಗಳು.
ಇನ್ನೊಂದು. ಮತ್ತೊಂದು. ಬೇರೆ ಬೇರೆ ವರ್ಷದವು.

ಪ್ರತಿ ದೀಪಾವಳಿಗೆ ಐನೂರು ಛಾಪಿಸಿ ಹಂಚುತ್ತಿದ್ದೆ,
ಜಾಹೀರಾತು ಖರ್ಚೆಂದು ಬರೆದು ಗೆರೆ ಎಳೆಯುತ್ತಿದ್ದೆ.
ದೇವರಿದ್ದರೆ ಯಾರೂ ಎಸೆಯುವುದಿಲ್ಲ ಎಂಬುದು ನನ್ನ ಲೆಕ್ಕ.
ಯಾರೂ ಎಸೆದಿರಲಿಲ್ಲ.
ಕೈ ಮುಗಿದು ಬಿಟ್ಟು ಹೋಗಿದ್ದರು.

ಬೋರಲು ಹಾಕಿ ಹೂಳಿನಡಿ ತುರುಕುವುದರೊಳಗೆ
ಇಳಿದು ಬಂದಿದ್ದಳು ತಿಪ್ಪವ್ವ. ಓದು ಬಾರದವಳು.
‘ಈ ಲಕ್ಷ್ಮೀ ನಮ್ಮನ್ಯಾಗೂ ಇದ್ಲು,
ನಾನೂ ಇಲ್ಲೇ ಬಿಟ್ಟೀನಿ.
ಭಾಳ ಛಲೋ ಕಾಗದ ನೋಡ್ರಿ, ಕರಗೂದ ಇಲ್ಲ.’

ಸವಕಳಿ ತೆಗೆಯುವುದು ನನ್ನ ಕಸುಬು.
ಸವೆಯದ್ದನ್ನು ಯಾವ ಕಲಮಿಗೆ ಹಾಕಲಿ?

ಇಪ್ಪತ್ತೆಂಟನೆಯ ಮೆಟ್ಟಿಲ ಸಂದಿಯಿಂದ
ರೊಟ್ಟಿಯಗಲ ನೀರು ಒಸರಿದಾಗ
ಮೂರು ಗಂಟೆ. ಯಾರೂ ಕೂಗಲಿಲ್ಲ.
ಫೋನು ಹಿಡಿಯಲು ಒಬ್ಬರದೂ ಕೈ ಸ್ವಚ್ಛವಿರಲಿಲ್ಲ.

ರಾತ್ರಿ ಜಮಾಖರ್ಚು ಬರೆಯಲು ಕೂತೆ:
ಕೈಗವಸು, ಚಹಾ, ಟ್ರ್ಯಾಕ್ಟರ್ ಬಾಡಿಗೆ,
ತಿಪ್ಪವ್ವನ ದಿನಗೂಲಿ (ಬ್ಯಾಡ ಅಂದಳು, ಎರಡನೇ ಸಲ ಅನ್ನಲಿಲ್ಲ).
ಶಿಲ್ಕಿನ ಮನೆಯಲ್ಲಿ ಉಗುರಿನ ಕಪ್ಪು ಕೆಸರು ಹತ್ತಿತು,
ಒರೆಸಿದಷ್ಟೂ ಹರಡಿತು.

ಅಷ್ಟರಲ್ಲಿ ಪ್ರೆಸ್ಸಿನ ಚನಮಲ್ಲನ ಫೋನು:
‘ದೀಪಾವಳಿ ಬಂತ್ರಿ ಸಾಹೇಬ್ರ, ಈ ಸಲಾನೂ ಐನೂರೇನ್ರಿ?
ಲಕ್ಷ್ಮೀನೋ, ಸರಸ್ವತಿನೋ?’

ನಾಳೆ ಹೇಳ್ತೀನಿ ಅಂದೆ.
ನಾಳೆ ಸೋಮವಾರ.